ಸಣ್ಣ ಉದ್ದಿಮೆಗಳಲ್ಲಿ ಕಂಪ್ಯೂಟರ್ ಮತ್ತು ಜಾಲ ನಿರ್ವಹಣೆ

ಕಂಪ್ಯೂಟರ್ ಮತ್ತು ಜಾಲ ನಿರ್ವಹಣೆ ಎಂದರೆ ಒಂದು ಉದ್ದಿಮೆಯ ಕಂಪ್ಯೂಟರುಗಳು, ಅವನ್ನು ಒಂದಕ್ಕೊಂದು ಹಾಗೂ ಇಂಟರ್‌ನೆಟ್‌ಗೆ ಬೆಸೆಯುವ ಜಾಲ, ಅವುಗಳಲ್ಲಿ ನಡೆಯುವ ತಂತ್ರಾಂಶ ಮತ್ತು ಕೂಡಿಟ್ಟ ದತ್ತಾಂಶ ಕೆಡದಂತೆ ಕಾಯುವ, ಕೆಟ್ಟಾಗ ಹೆಚ್ಚು ಹೊತ್ತು ಕೆಲಸ ನಿಲ್ಲದಂತೆ ಮರಳಿ ನಿಲ್ಲಿಸುವ ಕ್ರಮಬದ್ಧ ಚಟುವಟಿಕೆ. ದೊಡ್ಡ ಕಂಪನಿಗಳಲ್ಲಿ ಇದಕ್ಕೆ ಪ್ರತ್ಯೇಕ ವಿಭಾಗವೇ ಇರುತ್ತದೆ. ಸಣ್ಣ ಉದ್ದಿಮೆಗಳಲ್ಲಿ ಇದು ಮಾಲೀಕ, ಗುಮಾಸ್ತ ಮತ್ತು ಕರೆದಾಗ ಬರುವ ತಂತ್ರಜ್ಞ ಈ ಮೂವರ ನಡುವೆ ಹಂಚಿಹೋಗಿರುತ್ತದೆ. ಈ ಲೇಖನ ಭಾರತದ, ವಿಶೇಷವಾಗಿ ಕರ್ನಾಟಕದ ಸಣ್ಣ ಉದ್ದಿಮೆಗಳ ಸಂದರ್ಭಕ್ಕೆ ಸೀಮಿತವಾಗಿದೆ.

ವ್ಯಾಪ್ತಿ ಮತ್ತು ಪರಿಭಾಷೆ

ಕೇಂದ್ರ ಸರ್ಕಾರದ ವರ್ಗೀಕರಣದಂತೆ 2025ರ ಏಪ್ರಿಲ್ 1ರಿಂದ 2.5 ಕೋಟಿ ರೂಪಾಯಿವರೆಗಿನ ಹೂಡಿಕೆ ಮತ್ತು 10 ಕೋಟಿವರೆಗಿನ ವಹಿವಾಟು ಇರುವುದು ಅತಿಸಣ್ಣ ಉದ್ದಿಮೆ. 25 ಕೋಟಿವರೆಗಿನ ಹೂಡಿಕೆ ಮತ್ತು 100 ಕೋಟಿವರೆಗಿನ ವಹಿವಾಟು ಇರುವುದು ಸಣ್ಣ ಉದ್ದಿಮೆ. ನಿರ್ವಹಣೆಯ ದೃಷ್ಟಿಗೆ ಈ ಹಣದ ಅಳತೆಗಿಂತ ಯಂತ್ರಗಳ ಸಂಖ್ಯೆ ಮುಖ್ಯ. ಎರಡರಿಂದ ಇಪ್ಪತ್ತು ಕಂಪ್ಯೂಟರುಗಳಿದ್ದು, ಅವನ್ನು ನೋಡಿಕೊಳ್ಳಲೆಂದೇ ನೇಮಿಸಿದ ನೌಕರನಿಲ್ಲದ ಔಷಧಿ ಅಂಗಡಿ, ಅಡಿಕೆ ಮಂಡಿ, ಮುದ್ರಣಾಲಯ, ಲೆಕ್ಕಪರಿಶೋಧಕರ ಕಚೇರಿ, ಪತ್ತಿನ ಸಹಕಾರಿ ಸಂಘ ಮುಂತಾದವನ್ನು ಇಲ್ಲಿ ಸಣ್ಣ ಉದ್ದಿಮೆ ಎಂದು ಹೇಳಿದೆ.

ಮೂರು ಪದಗಳನ್ನು ಬೇರೆಬೇರೆಯಾಗಿ ಗ್ರಹಿಸಬೇಕು. ಕೆಡುವ ಮೊದಲು ಮಾಡುವುದು ನಿರ್ವಹಣೆ. ಕೆಟ್ಟ ಭಾಗವನ್ನು ಸರಿಪಡಿಸುವುದು ಅಥವಾ ಬದಲಿಸುವುದು ದುರಸ್ತಿ. ಕಳೆದುಹೋದ ದತ್ತಾಂಶವನ್ನು ಅದರ ನಕಲಿನಿಂದ ಹಿಂದಕ್ಕೆ ತರುವುದು ಪುನಃಸ್ಥಾಪನೆ. ಮಾರುಕಟ್ಟೆಯಲ್ಲಿ ‘ಸರ್ವಿಸ್’ ಎಂಬ ಒಂದೇ ಮಾತು ಮೂರಕ್ಕೂ ನಡೆಯುವುದರಿಂದ ಏನು ಮಾಡಲು ಹೇಳಿದ್ದು, ಏನು ಮಾಡಿದ್ದು ಎಂಬ ತಕರಾರು ಪದೇಪದೇ ಏಳುತ್ತದೆ. ‘ಫಾರ್ಮ್ಯಾಟ್ ಹೊಡೆಯುವುದು’ ಎಂದರೆ ಡಿಸ್ಕಿನಲ್ಲಿರುವುದನ್ನು ಅಳಿಸಿ ಕಾರ್ಯಾಚರಣಾ ವ್ಯವಸ್ಥೆಯನ್ನು ಹೊಸದಾಗಿ ಹಾಕುವುದು. ಇದು ದುರಸ್ತಿಯ ಕೊನೆಯ ದಾರಿ. ನಕಲು ತೆಗೆಯದೆ ಇದನ್ನು ಮಾಡಿದರೆ ದತ್ತಾಂಶ ಹೋದಂತೆಯೇ ಲೆಕ್ಕ.

ಹುಟ್ಟು ಮತ್ತು ಬೆಳವಣಿಗೆ

ಕಂಪ್ಯೂಟರಿನಷ್ಟೇ ಹಳೆಯದು ಅದರ ನಿರ್ವಹಣೆ. 1946ರಲ್ಲಿ ಅಮೆರಿಕದಲ್ಲಿ ಲೋಕಾರ್ಪಣೆಯಾದ ಎನಿಯಾಕ್ ಯಂತ್ರದಲ್ಲಿ ಸುಮಾರು 18,000 ನಿರ್ವಾತ ಕವಾಟಗಳಿದ್ದವು. ಯಂತ್ರ ಬಿಸಿಯಾಗುವಾಗ ಮತ್ತು ಆರುವಾಗಲೇ ಅವು ಹೆಚ್ಚಾಗಿ ಸುಡುತ್ತಿದ್ದುದರಿಂದ ಅದನ್ನು ಆರಿಸದೆ ಇಡುವ ಪದ್ಧತಿ ಬಂತು.

ಭಾರತದಲ್ಲಿ ನಿರ್ವಹಣೆ ಒಂದು ಸ್ವತಂತ್ರ ಉದ್ಯಮವಾದದ್ದಕ್ಕೆ ರಾಜಕೀಯ ಕಾರಣವಿದೆ. ವಿದೇಶಿ ವಿನಿಮಯ ನಿಯಂತ್ರಣ ಕಾಯಿದೆಯಂತೆ ಒಡೆತನದ ಪಾಲು ಇಳಿಸಲು ಒಪ್ಪದ ಐಬಿಎಂ ಕಂಪನಿ 1978ರಲ್ಲಿ ದೇಶ ಬಿಟ್ಟಿತು. ಅದು ಬಿಟ್ಟುಹೋದ ಯಂತ್ರಗಳನ್ನು ನೋಡಿಕೊಳ್ಳುವ ಹೊಣೆ 1975ರಲ್ಲಿ ಸ್ಥಾಪನೆಯಾಗಿದ್ದ ಸಿಎಂಸಿ ಎಂಬ ಸರ್ಕಾರಿ ಸಂಸ್ಥೆಗೆ ಬಂತು. ಕಂಪ್ಯೂಟರ್ ಮೇಂಟೆನೆನ್ಸ್ ಕಾರ್ಪೊರೇಷನ್ ಎಂಬುದು ಅದರ ಪೂರ್ಣ ಹೆಸರು. ಯಂತ್ರ ತಯಾರಿಸದೆ, ಇನ್ನೊಬ್ಬರ ಯಂತ್ರವನ್ನು ನಡೆಸಿಕೊಡುವುದನ್ನೇ ವೃತ್ತಿ ಮಾಡಿಕೊಂಡ ತಂತ್ರಜ್ಞರ ಮೊದಲ ತಲೆಮಾರುಗಳಲ್ಲಿ ಒಂದು ಇಲ್ಲಿ ತಯಾರಾಯಿತು. 2015ರಲ್ಲಿ ಈ ಸಂಸ್ಥೆ ಟಿಸಿಎಸ್‌ನಲ್ಲಿ ವಿಲೀನವಾಯಿತು.

1981ರ ಆಗಸ್ಟ್ 12ರಂದು ಐಬಿಎಂ ಪಿಸಿ ಬಿಡುಗಡೆಯಾದ ಮೇಲೆ ಕಂಪ್ಯೂಟರ್ ತಂಪು ಕೋಣೆಯಿಂದ ಅಂಗಡಿಯ ಮೇಜಿಗೆ ಬಂತು. 1984ರ ಹೊಸ ಕಂಪ್ಯೂಟರ್ ನೀತಿ ಆಮದನ್ನು ಸಡಿಲಿಸಿತು. 1986ರಲ್ಲಿ ಬೆಂಗಳೂರಿನ ಪ್ಯೂಟ್ರಾನಿಕ್ಸ್ ಎಂಬ ಸಂಸ್ಥೆಯಿಂದ ಶ್ಯಾಮಸುಂದರ್ ಗೋಯೆಂಕಾ ಮತ್ತು ಭರತ್ ಗೋಯೆಂಕಾ ರೂಪಿಸಿದ ಲೆಕ್ಕಪತ್ರ ತಂತ್ರಾಂಶ ಮುಂದೆ ಟ್ಯಾಲಿ ಎಂಬ ಹೆಸರಿನಿಂದ ದೇಶದ ಸಣ್ಣ ವ್ಯಾಪಾರಿಗಳ ಮನೆಮಾತಾಯಿತು. ಕಂಪ್ಯೂಟರ್ ವೈರಸ್‌ಗಳೂ ಅದೇ ದಶಕದವು. ಪಿಸಿಗಳಲ್ಲಿ ಹರಡಿದ ಮೊದಲ ವೈರಸ್ ಎನಿಸಿದ ‘ಬ್ರೇನ್’ 1986ರಲ್ಲಿ ಲಾಹೋರಿನಲ್ಲಿ ಹುಟ್ಟಿತು. ದುರಸ್ತಿ ಅಂಗಡಿಗೂ ವೈರಸ್‌ನಾಶಕಕ್ಕೂ ಇರುವ ನಂಟಿಗೆ ಪುಣೆಯ ಕ್ವಿಕ್ ಹೀಲ್ ಉದಾಹರಣೆ. ಅದರ ಮೂಲ 1990ರ ದಶಕದ ಮೊದಲಲ್ಲಿ ಕೈಲಾಶ್ ಕಾಟ್ಕರ್ ನಡೆಸುತ್ತಿದ್ದ ದುರಸ್ತಿ ಅಂಗಡಿ.

ವ್ಯವಸ್ಥೆಯ ರಚನೆ

ಹತ್ತು ಕಂಪ್ಯೂಟರಿನ ಕಚೇರಿಯ ರಚನೆ ಬಹುತೇಕ ಒಂದೇ ತೆರ. ಬೀದಿಯಿಂದ ಬರುವ ಫೈಬರ್ ತಂತಿ ಒಎನ್‌ಟಿ ಎಂಬ ಪೆಟ್ಟಿಗೆಗೆ ಸೇರುತ್ತದೆ. ಅದರೊಳಗೇ ಅಥವಾ ಪಕ್ಕದಲ್ಲಿ ರೂಟರ್ ಇರುತ್ತದೆ. ರೂಟರಿನಿಂದ ಸ್ವಿಚ್‌ಗೆ, ಸ್ವಿಚ್‌ನಿಂದ ಒಂದೊಂದು ಮೇಜಿಗೆ ತಾಮ್ರದ ಕೇಬಲ್ ಹೋಗುತ್ತದೆ. ಮೊಬೈಲ್ ಮತ್ತು ಲ್ಯಾಪ್‌ಟಾಪ್‌ಗಳಿಗೆ ವೈ-ಫೈ. ಇದೇ ಜಾಲಕ್ಕೆ ಪ್ರಿಂಟರ್, ಹಾಜರಿ ಯಂತ್ರ, ಸಿಸಿಟಿವಿಯ ಡಿವಿಆರ್ ಪೆಟ್ಟಿಗೆಗಳೂ ಜೋಡಣೆಯಾಗಿರುತ್ತವೆ.

ಸಣ್ಣ ಕಚೇರಿಗಳಲ್ಲಿ ‘ಸರ್ವರ್’ ಎಂದು ಕರೆಯುವುದು ಹೆಚ್ಚಿನ ವೇಳೆ ನಿಜವಾದ ಸರ್ವರ್ ಅಲ್ಲ. ಲೆಕ್ಕಪತ್ರದ ಕಡತಕೋಶವನ್ನು ಉಳಿದವರಿಗೆ ಹಂಚಿಕೊಟ್ಟಿರುವ ಸಾಮಾನ್ಯ ಕಂಪ್ಯೂಟರ್. ವಿಂಡೋಸ್ 10 ಮತ್ತು 11ರಲ್ಲಿ ಹೀಗೆ ಏಕಕಾಲಕ್ಕೆ 20 ಸಂಪರ್ಕಗಳಿಗೆ ಮಾತ್ರ ಅವಕಾಶವಿದೆ. ಈ ಯಂತ್ರದಲ್ಲೇ ಒಬ್ಬರು ಕುಳಿತು ಬಿಲ್ಲು ಹಾಕುವುದು, ಸಂಜೆ ಅದನ್ನೇ ಮೊದಲು ಆರಿಸಿಬಿಡುವುದು ಕಡತಗಳು ಕೆಡುವುದಕ್ಕೆ ಸಾಮಾನ್ಯ ಕಾರಣ. ಬೇರೆ ಮೇಜುಗಳಲ್ಲಿ ತಂತ್ರಾಂಶ ಮುಚ್ಚಿದ ಮೇಲೆಯೇ ಇದನ್ನು ನಿಲ್ಲಿಸಬೇಕು.

ನಿರ್ವಹಣೆಯ ಬಗೆಗಳು

ದಿನಾಂಕ ಗೊತ್ತುಮಾಡಿಕೊಂಡು ಮಾಡುವುದು ಮುನ್ನೆಚ್ಚರಿಕೆಯ ನಿರ್ವಹಣೆ. ದೂಳು ತೆಗೆಯುವುದು, ಬ್ಯಾಟರಿ ಪರೀಕ್ಷೆ, ತಂತ್ರಾಂಶ ಪರಿಷ್ಕರಣೆ ಇದರಲ್ಲಿ ಸೇರುತ್ತವೆ. ಯಂತ್ರವೇ ಕೊಡುವ ಸುಳಿವನ್ನು ನೋಡಿ ಮಾಡುವುದು ಸ್ಥಿತಿ ಆಧಾರಿತ ನಿರ್ವಹಣೆ. ನಿಂತಮೇಲೆ ಮಾಡುವುದು ಸರಿಪಡಿಸುವ ನಿರ್ವಹಣೆ. ಸಣ್ಣ ಉದ್ದಿಮೆಗಳು ಮೂರನೆಯದನ್ನೇ ನೆಚ್ಚಿಕೊಂಡಿರುವುದು ವಾಡಿಕೆ. ಮೊದಲೆರಡಕ್ಕೆ ತಗಲುವುದು ಹೆಚ್ಚಾಗಿ ಸಮಯ. ಮೂರನೆಯದಕ್ಕೆ ಹಣದ ಜೊತೆಗೆ ಆ ದಿನದ ವ್ಯಾಪಾರವೂ ಹೋಗುತ್ತದೆ.

ವಿದ್ಯುತ್ತು ಮತ್ತು ಪರಿಸರ

ಕರ್ನಾಟಕದ ಪಟ್ಟಣಗಳಲ್ಲಿ ಕಂಪ್ಯೂಟರಿನ ಮೊದಲ ಶತ್ರು ವೈರಸ್ ಅಲ್ಲ, ಕರೆಂಟು. ದೇಶದ ಒಂದು ಫೇಸ್ ಪೂರೈಕೆ 230 ವೋಲ್ಟ್, 50 ಹರ್ಟ್ಸ್. ಇದು ಏರಿಳಿದಾಗ, ಹಠಾತ್ತಾಗಿ ಹೋಗಿ ಬಂದಾಗ ಪೆಟ್ಟು ಬೀಳುವುದು ಎಸ್‌ಎಂಪಿಎಸ್ ಎಂಬ ವಿದ್ಯುತ್ ಘಟಕಕ್ಕೆ ಮತ್ತು ಬರೆಯುತ್ತಿದ್ದ ಡಿಸ್ಕಿಗೆ.

ಯುಪಿಎಸ್‌ನ ಕೆಲಸ ಗಂಟೆಗಟ್ಟಲೆ ಕಂಪ್ಯೂಟರ್ ನಡೆಸುವುದಲ್ಲ. ಕಡತ ಉಳಿಸಿ ಯಂತ್ರವನ್ನು ಕ್ರಮವಾಗಿ ಆರಿಸಲು ಬೇಕಾದ ಹತ್ತು ಹದಿನೈದು ನಿಮಿಷ ಕೊಡುವುದು. ಅಂಗಡಿಗಳಲ್ಲಿ ಕಾಣುವ 600 ವಿಎ ಯುಪಿಎಸ್‌ನಲ್ಲಿ ಸಾಮಾನ್ಯವಾಗಿ 12 ವೋಲ್ಟ್, 7 ಆಂಪಿಯರ್-ಗಂಟೆಯ ಮುಚ್ಚಿದ ಸೀಸ-ಆಮ್ಲ ಬ್ಯಾಟರಿ ಇರುತ್ತದೆ. ನಮ್ಮ ಸೆಕೆಯಲ್ಲಿ ಅದರ ಆಯುಸ್ಸು ಎರಡು ಮೂರು ವರ್ಷ. ತಿಂಗಳಿಗೊಮ್ಮೆ, ಕೆಲಸವಿಲ್ಲದ ಹೊತ್ತಿನಲ್ಲಿ ಗೋಡೆಯ ಸ್ವಿಚ್ ಆರಿಸಿ ಎಷ್ಟು ನಿಮಿಷ ತಡೆಯುತ್ತದೆ ಎಂದು ನೋಡುವುದು ಸಾಕಷ್ಟು ಒಳ್ಳೆಯ ಪರೀಕ್ಷೆ. ಲೇಸರ್ ಪ್ರಿಂಟರನ್ನು ಯುಪಿಎಸ್‌ಗೆ ಜೋಡಿಸಬಾರದು. ಅದರ ಬಿಸಿ ರೋಲರ್ ಒಮ್ಮೆಗೇ ಎಳೆಯುವ ವಿದ್ಯುತ್ತಿಗೆ ಸಣ್ಣ ಯುಪಿಎಸ್ ಬೀಳುತ್ತದೆ. ಮನೆಬಳಕೆಯ ಇನ್ವರ್ಟರ್ ಯುಪಿಎಸ್‌ಗೆ ಬದಲಿಯಲ್ಲ. ಅದರ ಸಾಮಾನ್ಯ ಸ್ಥಿತಿಯಲ್ಲಿ ಬದಲಾವಣೆಗೆ ಹಿಡಿಯುವ ಸಮಯ ಹೆಚ್ಚು, ಅಷ್ಟರಲ್ಲಿ ಕಂಪ್ಯೂಟರ್ ಆರಿ ಮತ್ತೆ ಹತ್ತಿಕೊಳ್ಳುತ್ತದೆ. ಯುಪಿಎಸ್ ಸ್ಥಿತಿಗೆ ಹೊರಳಿಸುವ ಗುಂಡಿ ಇದ್ದರೆ ಅದನ್ನು ಬಳಸಬೇಕು.

ಅರ್ತಿಂಗ್ ಕಣ್ಣಿಗೆ ಬೀಳದ ಕಾರಣ ಹೆಚ್ಚು ಉಪೇಕ್ಷೆಗೆ ಒಳಗಾದ ಭಾಗ. ಕ್ಯಾಬಿನೆಟ್ ಮುಟ್ಟಿದರೆ ಜುಮ್ಮೆನ್ನುವುದು ಅರ್ತಿಂಗ್ ಸರಿಯಿಲ್ಲದ ಲಕ್ಷಣ. ನ್ಯೂಟ್ರಲ್ ಮತ್ತು ಅರ್ತ್ ನಡುವಿನ ವ್ಯತ್ಯಾಸ ಸಾಮಾನ್ಯವಾಗಿ 3 ವೋಲ್ಟ್‌ಗಿಂತ ಕಡಿಮೆ ಇರಬೇಕೆಂದು ತಂತ್ರಜ್ಞರು ಲೆಕ್ಕ ಹಾಕುತ್ತಾರೆ. ಇದ್ದಿಲು ಮತ್ತು ಉಪ್ಪು ತುಂಬಿದ ಹಳೆಯ ಪದ್ಧತಿಯ ಅರ್ತ್ ಗುಂಡಿ ಬೇಸಗೆಯಲ್ಲಿ ಒಣಗಿದರೆ ನೆಲದ ವಿದ್ಯುತ್ ರೋಧ ಏರುತ್ತದೆ. ಮಾರ್ಚಿನಿಂದ ಮಳೆ ಬರುವವರೆಗೆ ಅದಕ್ಕೆ ನೀರು ಹಾಕುವ ರೂಢಿ ಇರುವುದು ಇದರಿಂದಲೇ.

ಮುಂಗಾರಿಗೆ ಮೊದಲಿನ ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಸಿಡಿಲು ವಿದ್ಯುತ್ ತಂತಿಯ ಮೂಲಕ ಮಾತ್ರವಲ್ಲ, ತಾಮ್ರದ ದೂರವಾಣಿ ತಂತಿ ಮತ್ತು ಕಟ್ಟಡದ ಹೊರಗೆ ಎಳೆದ ಜಾಲದ ಕೇಬಲ್ ಮೂಲಕವೂ ಒಳಬರುತ್ತದೆ. ಪ್ಲಗ್ ಕಿತ್ತು, ಈ ಕೇಬಲ್ ಬಿಟ್ಟರೆ ರಕ್ಷಣೆ ಅರ್ಧ. ಒಂದು ಕಟ್ಟಡದಿಂದ ಇನ್ನೊಂದಕ್ಕೆ ಜಾಲ ಒಯ್ಯಬೇಕಾದಾಗ ವಿದ್ಯುತ್ ಹರಿಯದ ಫೈಬರ್ ಎಳೆಯುವುದು ಸರಿಯಾದ ಕ್ರಮ. ಕರಾವಳಿಯ ಉಪ್ಪುಗಾಳಿ ಸಂಪರ್ಕ ಬಿಂದುಗಳಿಗೆ ತುಕ್ಕು ತರುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ವಾರಗಟ್ಟಲೆ ಆರಿಸಿಟ್ಟ ಯಂತ್ರದೊಳಗೆ ತೇವ ಸೇರುತ್ತದೆ. ದಿನಕ್ಕೆ ಒಂದಷ್ಟು ಹೊತ್ತು ಚಾಲೂ ಇಟ್ಟರೆ ಒಳಗಿನ ಬಿಸಿಗೆ ಅದು ಆರುತ್ತದೆ. ಬಯಲುಸೀಮೆಯಲ್ಲಿ ದೂಳು. ಇಲಿ, ಹಲ್ಲಿ, ಇರುವೆಗಳ ಕಾಟಕ್ಕೆ ಸೀಮೆಯ ಭೇದವಿಲ್ಲ. ಕ್ಯಾಬಿನೆಟ್ಟಿನ ಹಿಂದಿನ ಖಾಲಿ ಕಿಂಡಿಗಳಿಗೆ ಲೋಹದ ಪಟ್ಟಿ ಮುಚ್ಚಿದರೆ ಅರ್ಧ ಸಮಸ್ಯೆ ತಪ್ಪುತ್ತದೆ.

ಯಂತ್ರಾಂಶದ ಆರೈಕೆ

ಮೂರರಿಂದ ಆರು ತಿಂಗಳಿಗೊಮ್ಮೆ ಕ್ಯಾಬಿನೆಟ್ ಬಿಚ್ಚಿ ಬ್ಲೋವರ್‌ನಿಂದ ದೂಳು ಊದಬೇಕು. ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಳ್ಳಬೇಕು, ಇಲ್ಲವಾದರೆ ಮಿತಿಮೀರಿದ ವೇಗಕ್ಕೆ ಅದರ ಬೇರಿಂಗ್ ಹಾಳಾಗುತ್ತದೆ. ಯಂತ್ರ ಹತ್ತಿ ಪರದೆ ಬರದೆ ಬೀಪ್ ಸದ್ದು ಮಾಡಿದರೆ ಮೊದಲು ನೋಡುವುದು ರ‍್ಯಾಮ್. ಅದನ್ನು ಹೊರತೆಗೆದು ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ ಕೂರಿಸುವುದು ದುರಸ್ತಿ ಅಂಗಡಿಗಳ ಹಳೆಯ ಉಪಾಯ; ತೇವದಿಂದ ಕಟ್ಟಿದ ಪದರಕ್ಕೆ ಇದು ಸಾಮಾನ್ಯವಾಗಿ ಸಾಕಾಗುತ್ತದೆ.

ಮದರ್‌ಬೋರ್ಡಿನ ಮೇಲಿನ ನಾಣ್ಯದಂಥ 3 ವೋಲ್ಟಿನ ಸಿಆರ್2032 ಬ್ಯಾಟರಿ ಸತ್ತಾಗ ಯಂತ್ರದ ದಿನಾಂಕ ಹಿಂದಕ್ಕೆ ಹೋಗುತ್ತದೆ. ಆಗ ಜಿಎಸ್‌ಟಿ ಮತ್ತು ಬ್ಯಾಂಕ್ ಜಾಲತಾಣಗಳು ಸುರಕ್ಷತಾ ಪ್ರಮಾಣಪತ್ರ ಹೊಂದುತ್ತಿಲ್ಲವೆಂದು ತೆರೆದುಕೊಳ್ಳುವುದಿಲ್ಲ, ಬಿಲ್ಲಿನ ಮೇಲೆ ತಪ್ಪು ತಾರೀಖು ಬೀಳುತ್ತದೆ. ಇಂಟರ್‌ನೆಟ್ ಕೆಟ್ಟಿದೆ ಎಂದು ದೂರು ಕೊಡುವ ಮೊದಲು ಪರದೆಯ ಮೂಲೆಯ ಗಡಿಯಾರ ನೋಡುವುದು ಒಳ್ಳೆಯದು.

ಹಾರ್ಡ್ ಡಿಸ್ಕ್ ಮತ್ತು ಎಸ್‌ಎಸ್‌ಡಿಗಳು ತಮ್ಮ ಆರೋಗ್ಯವನ್ನು ಸ್ಮಾರ್ಟ್ ಎಂಬ ವ್ಯವಸ್ಥೆಯ ಮೂಲಕ ತಾವೇ ದಾಖಲಿಸುತ್ತವೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೋದಂಥ ಉಚಿತ ತಂತ್ರಾಂಶ ಅದನ್ನು ಓದಿ ತೋರಿಸುತ್ತದೆ. ಕೆಟ್ಟ ವಲಯಗಳಿಗೆ ಬದಲಿ ಕೊಟ್ಟ ಸಂಖ್ಯೆ ಏರುತ್ತಿದ್ದರೆ ಡಿಸ್ಕ್ ಬದಲಿಸುವ ಕಾಲ ಬಂದಿದೆ. ಟಕ್ ಟಕ್ ಸದ್ದು ಮಾಡುವ ಹಾರ್ಡ್ ಡಿಸ್ಕನ್ನು ಮತ್ತೆಮತ್ತೆ ಚಾಲೂ ಮಾಡಿ ನೋಡಿದಷ್ಟೂ ದತ್ತಾಂಶ ಮರಳಿ ಸಿಗುವ ಸಾಧ್ಯತೆ ಕುಗ್ಗುತ್ತದೆ. ಹಾರ್ಡ್ ಡಿಸ್ಕ್ ಬಹುಮಟ್ಟಿಗೆ ಸೂಚನೆ ಕೊಟ್ಟು ಸಾಯುತ್ತದೆ, ಎಸ್‌ಎಸ್‌ಡಿ ಎಷ್ಟೋ ಸಲ ಒಮ್ಮೆಗೇ ಕೈಕೊಡುತ್ತದೆ. ಆದರೂ ಹಳೆಯ ಕಂಪ್ಯೂಟರ್ ನಿಧಾನವಾಗಿದೆ ಎಂಬ ದೂರಿಗೆ ಎಸ್‌ಎಸ್‌ಡಿ ಹಾಕುವಷ್ಟು ಕಡಿಮೆ ಖರ್ಚಿನ ಪರಿಹಾರ ಇನ್ನೊಂದಿಲ್ಲ.

ಪ್ರಿಂಟರುಗಳಲ್ಲಿ ಇಂಕ್ ಟ್ಯಾಂಕ್ ಬಗೆಯವನ್ನು ವಾರಕ್ಕೊಮ್ಮೆಯಾದರೂ ಬಣ್ಣದ ಪುಟ ಹಾಕಿ ನಡೆಸಬೇಕು; ಇಲ್ಲದಿದ್ದರೆ ಶಾಯಿ ತಲೆಯಲ್ಲೇ ಒಣಗುತ್ತದೆ. ಬಿಲ್ಲಿನ ಥರ್ಮಲ್ ಪ್ರಿಂಟರಿನ ತಲೆಯನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತಿಯಿಂದ ಒರೆಸಬೇಕು. ಥರ್ಮಲ್ ಕಾಗದದ ಅಕ್ಷರ ಕಾಲಕ್ರಮದಲ್ಲಿ ಮಾಸುವುದರಿಂದ ದಾಖಲೆಗೆ ಅದು ಒದಗದು.

ಜಾಲದ ನಿರ್ವಹಣೆ

ಈಥರ್‌ನೆಟ್ 1973ರಲ್ಲಿ ಅಮೆರಿಕದ ಜೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿ ರಾಬರ್ಟ್ ಮೆಟ್ಕಾಫ್ ಅವರ ಕಲ್ಪನೆಯಿಂದ ಹುಟ್ಟಿತು. ಇಂದಿನ ಹೆಣೆದ ಜೋಡಿತಂತಿಯ ಕೇಬಲ್ ಒಂದೇ ಎಳೆತದಲ್ಲಿ 100 ಮೀಟರ್ ಮೀರಬಾರದು. ಕ್ಯಾಟ್ 5ಇ ಕೇಬಲ್ ಸೆಕೆಂಡಿಗೆ 1 ಗಿಗಾಬಿಟ್ ಒಯ್ಯುತ್ತದೆ. ಎಂಟು ತಂತಿಗಳಲ್ಲಿ ಒಂದು ಕಡಿದರೂ ಸಂಪರ್ಕ ಪೂರ್ತಿ ನಿಲ್ಲದೆ 100 ಮೆಗಾಬಿಟ್‌ಗೆ ಇಳಿಯುವುದುಂಟು. ಒಂದು ಮೇಜಿನಲ್ಲಿ ಮಾತ್ರ ನಿಧಾನ ಎಂಬ ದೂರಿನ ಹಿಂದೆ ಹೆಚ್ಚಾಗಿ ಇರುವುದು ಸಡಿಲವಾದ ಕನೆಕ್ಟರ್ ಅಥವಾ ಕುರ್ಚಿಯ ಗಾಲಿಗೆ ಸಿಕ್ಕ ಕೇಬಲ್. ವಿದ್ಯುತ್ ತಂತಿ ಮತ್ತು ಜಾಲದ ಕೇಬಲ್ ಒಂದೇ ಪೈಪಿನಲ್ಲಿ ಸಾಗಬಾರದು. ಕೇಬಲ್‌ಗಳ ಎರಡೂ ತುದಿಗೆ ಸಂಖ್ಯೆ ಬರೆದು ಅಂಟಿಸುವುದಕ್ಕೆ ಅರ್ಧ ದಿನ ಬೇಕು. ಅಂಟಿಸದಿದ್ದರೆ ಪ್ರತಿ ದುರಸ್ತಿಗೂ ಅರ್ಧ ದಿನ.

2.4 ಗಿಗಾಹರ್ಟ್ಸ್ ವೈ-ಫೈಯಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6 ಮತ್ತು 11 ಮಾತ್ರ. ಅಂಗಡಿಸಾಲಿನಲ್ಲಿ ನೆರೆಯವರ ರೂಟರುಗಳು ಯಾವುದರಲ್ಲಿವೆ ಎಂದು ಮೊಬೈಲಿನಲ್ಲಿ ನೋಡಿ ಖಾಲಿ ಇರುವುದನ್ನು ಆರಿಸಬೇಕು. 5 ಗಿಗಾಹರ್ಟ್ಸ್ ವೇಗವಾದದ್ದು, ಆದರೆ ಗೋಡೆ ದಾಟುವ ಶಕ್ತಿ ಕಡಿಮೆ. ಬಿಲ್ಲಿಂಗ್ ಯಂತ್ರಗಳಿಗೆ ಕೇಬಲ್ ಇರಬೇಕು, ವೈ-ಫೈಗೆ ಬಿಡಬಾರದು. ಗೋಪ್ಯತೆಗೆ ಡಬ್ಲ್ಯುಪಿಎ2 ಅಥವಾ 2018ರಲ್ಲಿ ಬಂದ ಡಬ್ಲ್ಯುಪಿಎ3 ಇರಲೇಬೇಕು. ಗಿರಾಕಿಗಳಿಗೆ ವೈ-ಫೈ ಕೊಡುವುದಾದರೆ ಅತಿಥಿ ಜಾಲವನ್ನು ಬೇರೆ ಮಾಡಿಕೊಡಬೇಕು.

ಪ್ರಿಂಟರ್ ಮತ್ತು ಕಡತ ಹಂಚುವ ಯಂತ್ರಕ್ಕೆ ಬದಲಾಗದ ಐಪಿ ವಿಳಾಸ ಕೊಡುವುದು ರೂಢಿ. ರೂಟರ್ ದಿನಕ್ಕೊಂದು ವಿಳಾಸ ಹಂಚಿದರೆ ನಿನ್ನೆ ಮುದ್ರಿಸಿದ ಪ್ರಿಂಟರ್ ಇಂದು ಸಿಗುವುದಿಲ್ಲ. ದೋಷ ಹುಡುಕುವಾಗ 1983ರಲ್ಲಿ ಮೈಕ್ ಮೂಸ್ ಬರೆದ ಪಿಂಗ್ ಎಂಬ ಪುಟ್ಟ ಕ್ರಮವಿಧಿ ಇಂದಿಗೂ ಮೊದಲ ಸಾಧನ. ರೂಟರಿಗೆ ಪಿಂಗ್ ತಲುಪದಿದ್ದರೆ ದೋಷ ಕಚೇರಿಯ ಒಳಗಿನದು. ರೂಟರಿಗೆ ತಲುಪಿ ಇಂಟರ್‌ನೆಟ್‌ನಲ್ಲಿರುವ 8.8.8.8 ವಿಳಾಸಕ್ಕೆ ತಲುಪದಿದ್ದರೆ ರೂಟರಿನ ಹೊರಮಗ್ಗುಲಿನದು ಅಥವಾ ಸೇವಾದಾರರದು. ಎರಡಕ್ಕೂ ತಲುಪಿಯೂ ಜಾಲತಾಣ ತೆರೆಯದಿದ್ದರೆ ಹೆಸರನ್ನು ವಿಳಾಸಕ್ಕೆ ಬದಲಿಸುವ ಡಿಎನ್‌ಎಸ್ ವ್ಯವಸ್ಥೆಯನ್ನು ನೋಡಬೇಕು.

ತಂತ್ರಾಂಶ ಪರಿಷ್ಕರಣೆ

ಮೈಕ್ರೋಸಾಫ್ಟ್ 2003ರ ಅಕ್ಟೋಬರಿನಿಂದ ತಿಂಗಳ ಎರಡನೆಯ ಮಂಗಳವಾರ ಸುರಕ್ಷತಾ ಪರಿಷ್ಕರಣೆಗಳನ್ನು ಬಿಡುಗಡೆ ಮಾಡುತ್ತಿದೆ. ನಮ್ಮಲ್ಲಿ ಅವು ಬುಧವಾರ ಯಂತ್ರಕ್ಕೆ ಬರುತ್ತವೆ. ಇವನ್ನು ಮುಂದೂಡಿದರೆ ಏನಾಗುತ್ತದೆ ಎಂಬುದು 2017ರಲ್ಲಿ ಜಗತ್ತಿಗೇ ಕಂಡಿತು. ಮಾರ್ಚ್ 14ರಂದು ಪರಿಹಾರ ಬಂದಿದ್ದ ದೋಷವನ್ನೇ ಹಿಡಿದು ಮೇ 12ರಂದು ವನ್ನಾಕ್ರೈ ಎಂಬ, ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ಸುಲಿಗೆ ತಂತ್ರಾಂಶ ಹರಡಿತು. ಆ ಎರಡು ತಿಂಗಳಲ್ಲಿ ಪರಿಷ್ಕರಿಸಿಕೊಂಡ ಯಂತ್ರಗಳಿಗೆ ಅದು ಆ ದಾರಿಯಿಂದ ನುಗ್ಗಲಾಗಲಿಲ್ಲ. ಪರಿಷ್ಕರಣೆಯಿಂದಲೇ ಕೆಡುವುದೂ ಉಂಟು. 2024ರ ಜುಲೈ 19ರಂದು ಒಂದು ಸುರಕ್ಷತಾ ತಂತ್ರಾಂಶದ ದೋಷಪೂರಿತ ಪರಿಷ್ಕರಣೆಯಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನಿಂತವು. ಹಾಗಾಗಿ ಒಂದು ಯಂತ್ರದಲ್ಲಿ ಹಾಕಿ ನೋಡಿ, ಒಂದೆರಡು ದಿನದ ನಂತರ ಉಳಿದವಕ್ಕೆ ಹಾಕುವುದು ಸಣ್ಣ ಕಚೇರಿಗೂ ಸಾಧ್ಯವಾದ ಎಚ್ಚರ. ತಿಂಗಳ 11 ಮತ್ತು 20ರ ಆಸುಪಾಸು, ಅಂದರೆ ಜಿಎಸ್‌ಟಿ ವಿವರ ಸಲ್ಲಿಸುವ ಕೊನೆಯ ದಿನಗಳಲ್ಲಿ, ದೊಡ್ಡ ಬದಲಾವಣೆ ಮಾಡಬಾರದು.

ಕಳ್ಳಪ್ರತಿಯ ತಂತ್ರಾಂಶಕ್ಕೆ ಬಳಸುವ ‘ಕ್ರ್ಯಾಕ್’ ಕಡತಗಳು ವೈರಸ್‌ನಾಶಕವನ್ನು ಆರಿಸಿಯೇ ನಡೆಯಬೇಕಾಗುತ್ತದೆ. ಆರಿಸಿದ ಮೇಲೆ ಒಳಬಂದದ್ದು ಏನೆಂದು ತಿಳಿಯುವ ದಾರಿ ಉಳಿಯುವುದಿಲ್ಲ.

ದತ್ತಾಂಶದ ನಕಲು

ಯಂತ್ರ ಕೆಟ್ಟರೆ ಅಂಗಡಿಯಲ್ಲಿ ಇನ್ನೊಂದು ಸಿಗುತ್ತದೆ. ಐದು ವರ್ಷದ ಖಾತೆಗಳು ಸಿಗುವುದಿಲ್ಲ. ಆದ್ದರಿಂದ ಸಣ್ಣ ಉದ್ದಿಮೆಯ ನಿರ್ವಹಣೆಯಲ್ಲಿ ಒಂದೇ ಕೆಲಸಕ್ಕೆ ಸಮಯವಿದ್ದರೆ ಅದು ಬ್ಯಾಕಪ್ ಆಗಿರಬೇಕು.

ಇದಕ್ಕೆ ‘3-2-1’ ಎಂಬ ಸೂತ್ರ ರೂಢಿಯಲ್ಲಿದೆ. ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋ ಇದನ್ನು ಪ್ರಚಾರಕ್ಕೆ ತಂದರು. ದತ್ತಾಂಶದ ಮೂರು ಪ್ರತಿ, ಎರಡು ಬಗೆಯ ಮಾಧ್ಯಮದಲ್ಲಿ, ಒಂದು ಪ್ರತಿ ಕಟ್ಟಡದ ಹೊರಗೆ. ಸಣ್ಣ ಕಚೇರಿಯಲ್ಲಿ ಇದರ ಅರ್ಥ: ಕಂಪ್ಯೂಟರಿನಲ್ಲಿರುವ ಮೂಲ, ಹೊರಗಿನ ಹಾರ್ಡ್ ಡಿಸ್ಕಿನಲ್ಲಿ ಒಂದು, ಕ್ಲೌಡ್ ಸಂಗ್ರಹದಲ್ಲಿ ಅಥವಾ ಮಾಲೀಕರ ಮನೆಯ ಬೀರುವಿನಲ್ಲಿ ಇನ್ನೊಂದು. ಅದೇ ಡಿಸ್ಕಿನ ಡಿ ಡ್ರೈವಿಗೆ ಮಾಡಿದ ನಕಲು ಬ್ಯಾಕಪ್ ಅಲ್ಲ. ಡಿಸ್ಕ್ ಒಂದೇ, ಸಾಯುವಾಗ ಎರಡೂ ಹೋಗುತ್ತವೆ. ಯಾವಾಗಲೂ ಚುಚ್ಚಿಕೊಂಡೇ ಇರುವ ಹೊರ ಡಿಸ್ಕ್ ಸುಲಿಗೆ ತಂತ್ರಾಂಶದಿಂದ ಕಾಯುವುದಿಲ್ಲ, ಅದಕ್ಕೂ ಆ ತಂತ್ರಾಂಶ ಬೀಗ ಹಾಕುತ್ತದೆ. ನಕಲಾದ ಮೇಲೆ ಕಿತ್ತಿಡಬೇಕು. ಒಂದೇ ಪೆನ್‌ಡ್ರೈವಿನ ಮೇಲೆ ದಿನವೂ ಬರೆದರೆ ಕೆಟ್ಟ ಕಡತವು ಒಳ್ಳೆಯ ಕಡತದ ಮೇಲೆ ಕುಳಿತುಕೊಳ್ಳುತ್ತದೆ. ಸೋಮವಾರದಿಂದ ಶನಿವಾರದವರೆಗೆ ದಿನಕ್ಕೊಂದು ಹೆಸರಿನ ಕಡತಕೋಶ, ತಿಂಗಳ ಕೊನೆಯದ್ದು ಪ್ರತ್ಯೇಕ, ಮಾರ್ಚ್ 31ರದ್ದು ಶಾಶ್ವತ ಎಂಬ ಏರ್ಪಾಡು ಲೆಕ್ಕದ ಕಚೇರಿಗಳಲ್ಲಿ ಚೆನ್ನಾಗಿ ನಡೆಯುತ್ತದೆ.

ನಕಲು ತೆಗೆದದ್ದು ಸರಿ, ಅದು ತೆರೆಯುತ್ತದೆಯೇ? ಲೆಕ್ಕಪತ್ರ ತಂತ್ರಾಂಶಗಳಲ್ಲಿರುವ ರಿಸ್ಟೋರ್ ಸೌಲಭ್ಯ ಬಳಸಿ ಮೂರು ತಿಂಗಳಿಗೊಮ್ಮೆ ಬೇರೆ ಕಂಪ್ಯೂಟರಿನಲ್ಲಿ ನಕಲನ್ನು ತೆರೆದು, ಮೂಲದ ತಾಳೆಪಟ್ಟಿಯೊಂದಿಗೆ ಹೋಲಿಸಬೇಕು. ಬದಲಿ ಕಂಪ್ಯೂಟರನ್ನು ಹಾಕಿದಾಗ ಬೇಕಾಗುವ ಪರವಾನಗಿ ಸಂಖ್ಯೆಗಳು, ರೂಟರಿನ ಗುಪ್ತಪದ, ಡಿಜಿಟಲ್ ಸಹಿಯ ಟೋಕನ್‌ನ ಚಾಲಕ ತಂತ್ರಾಂಶ ಇವನ್ನೂ ಬರೆದಿಡಬೇಕು. ಟೋಕನ್‌ನಲ್ಲಿರುವ ಸಹಿಯ ಕೀಲಿಯನ್ನು ಮಾತ್ರ ನಕಲು ಮಾಡಲಾಗದು. ಅದು ಹಾಳಾದರೆ ಹೊಸ ಪ್ರಮಾಣಪತ್ರವೇ ಆಗಬೇಕು.

ದಾಳಿಗಳು ಮತ್ತು ರಕ್ಷಣೆ

ಸುಲಿಗೆ ತಂತ್ರಾಂಶ ಕಡತಗಳಿಗೆ ಬೀಗ ಹಾಕಿ ಹಣ ಕೇಳುತ್ತದೆ. ಮನೆಯಿಂದ ಲೆಕ್ಕ ನೋಡಲೆಂದು ಕಚೇರಿ ಯಂತ್ರದ ರಿಮೋಟ್ ಡೆಸ್ಕ್‌ಟಾಪ್ ಸೌಲಭ್ಯವನ್ನು, ಅಂದರೆ 3389ನೇ ದ್ವಾರವನ್ನು, ಇಂಟರ್‌ನೆಟ್‌ಗೆ ನೇರವಾಗಿ ತೆರೆದಿಡುವುದು ಅದಕ್ಕೆ ದೊಡ್ಡ ಬಾಗಿಲು. ಈ ಅನುಕೂಲ ಬೇಕಿದ್ದರೆ ವಿಪಿಎನ್ ಎಂಬ ಸುರಕ್ಷಿತ ಖಾಸಗಿ ಸಂಪರ್ಕದ ಮೂಲಕ ಪಡೆಯಬೇಕು. 2024ರ ಜುಲೈ ಕೊನೆಯಲ್ಲಿ ಸಣ್ಣ ಬ್ಯಾಂಕ್‌ಗಳಿಗೆ ತಾಂತ್ರಿಕ ಸೇವೆ ಒದಗಿಸುವ ಒಂದು ಸಂಸ್ಥೆಯ ಮೇಲೆ ಇಂಥ ದಾಳಿಯಾಗಿ, ದೇಶದ ಸುಮಾರು 300 ಸಣ್ಣ ಬ್ಯಾಂಕ್‌ಗಳ ಪಾವತಿ ಸೇವೆ ಕೆಲಕಾಲ ನಿಂತಿತ್ತು. ಸೇವೆಯನ್ನು ಹೊರಗಿನಿಂದ ಪಡೆದರೂ ಅಪಾಯ ಹೊರಗೆ ಹೋಗುವುದಿಲ್ಲ.

ಸಿಸಿಟಿವಿ ಪೆಟ್ಟಿಗೆ, ರೂಟರುಗಳ ‘ಅಡ್ಮಿನ್’ ಎಂಬ ಮೂಲ ಗುಪ್ತಪದ ಬದಲಿಸದೆ ಬಿಡುವುದು ಎರಡನೆಯ ಬಾಗಿಲು. 2016ರ ಮಿರಾಯ್ ಎಂಬ ಹಾನಿಕರ ತಂತ್ರಾಂಶ ಹೀಗೆ ಬಿಟ್ಟ ಸಾಧನಗಳನ್ನೇ ಲಕ್ಷಗಟ್ಟಲೆ ವಶಪಡಿಸಿಕೊಂಡು, ಅಕ್ಟೋಬರ್ 21ರಂದು ಅಮೆರಿಕದ ಪ್ರಮುಖ ಜಾಲತಾಣಗಳನ್ನು ಕೆಡವಿತು. ನಿಗದಿತ ಅವಧಿಗೊಮ್ಮೆ ಗುಪ್ತಪದ ಬದಲಿಸಬೇಕೆಂಬ ಹಳೆಯ ಸಲಹೆಯನ್ನು ಅಮೆರಿಕದ ಮಾನಕ ಸಂಸ್ಥೆ ಎನ್‌ಐಎಸ್‌ಟಿ 2017ರಲ್ಲಿ ಕೈಬಿಟ್ಟಿತು. ಉದ್ದವಾದ, ಬೇರೆಲ್ಲೂ ಬಳಸದ ಗುಪ್ತಪದ ಮತ್ತು ಎರಡನೆಯ ಹಂತದ ದೃಢೀಕರಣ ಅದಕ್ಕಿಂತ ಮೇಲು. ಕೆಲಸ ಬಿಟ್ಟುಹೋದ ಗುಮಾಸ್ತನ ಖಾತೆಯನ್ನು ಆ ದಿನವೇ ಮುಚ್ಚಬೇಕು.

ಕನ್ನಡದ ಕಡತಗಳು

ಕರ್ನಾಟಕದ ಮುದ್ರಣಾಲಯ, ವಕೀಲರ ಕಚೇರಿ, ಜೆರಾಕ್ಸ್ ಅಂಗಡಿಗಳಿಗೆ ಒಂದು ಹೆಚ್ಚಿನ ಹೊಣೆ ಇದೆ. ಕನ್ನಡಕ್ಕೆ ಯೂನಿಕೋಡ್‌ನಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಸ್ಥಾನವಿದ್ದರೂ ನುಡಿ, 1998ರಲ್ಲಿ ಬಂದ ಬರಹ, ಶ್ರೀಲಿಪಿ ಮುಂತಾದ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸದಲ್ಲಿ ರಚಿಸಿದ ಅಪಾರ ಕಡತಗಳಿವೆ. ಇವುಗಳಲ್ಲಿ ಕನ್ನಡ ಅಕ್ಷರ ಇರುವುದು ಫಾಂಟಿನಲ್ಲಿ, ಕಡತದಲ್ಲಿ ಅಲ್ಲ. ಯಂತ್ರ ಫಾರ್ಮ್ಯಾಟ್ ಆಗಿ ಫಾಂಟ್ ಹೋದರೆ ಪುಟ ಪೂರ್ತಿ ರೋಮನ್ ಚಿಹ್ನೆಗಳ ಗೋಜಲು. ಆದ್ದರಿಂದ ಕಡತಗಳ ಜೊತೆ ಫಾಂಟುಗಳನ್ನೂ ನಕಲು ಮಾಡಬೇಕು, ಮುಖ್ಯ ಕಡತಗಳನ್ನು ಪರಿವರ್ತಕದಿಂದ ಯೂನಿಕೋಡ್‌ಗೆ ತಂದು ಮೂಲದೊಂದಿಗೆ ಓದಿ ನೋಡಬೇಕು. ಒತ್ತಕ್ಷರ ಮತ್ತು ಅರ್ಕಾವತ್ತಿನಲ್ಲಿ ಪರಿವರ್ತಕ ತಪ್ಪುವುದುಂಟು.

2001ರಲ್ಲಿ ಕೊನೆಯ ಆವೃತ್ತಿ ಕಂಡ ಪೇಜ್‌ಮೇಕರ್ ಎಂಬ ಪುಟವಿನ್ಯಾಸ ತಂತ್ರಾಂಶ ಈಗಲೂ ಹಲವು ಮುದ್ರಣಾಲಯಗಳಲ್ಲಿ ಹಳೆಯ ವಿಂಡೋಸ್ ಯಂತ್ರದಲ್ಲಿ ನಡೆಯುತ್ತಿದೆ. ಅಂಥ ಯಂತ್ರವನ್ನು ಇಂಟರ್‌ನೆಟ್‌ನಿಂದ ಬಿಡಿಸಿ, ಕಡತಗಳನ್ನು ಪೆನ್‌ಡ್ರೈವಿನಿಂದ ವೈರಸ್ ಪರೀಕ್ಷೆ ಮಾಡಿ ಸಾಗಿಸುವುದು ಸುರಕ್ಷಿತ.

ವಾರ್ಷಿಕ ನಿರ್ವಹಣಾ ಕರಾರು

ಎಎಂಸಿ ಎಂದು ಎಲ್ಲರೂ ಕರೆಯುವ ವಾರ್ಷಿಕ ಕರಾರಿನಲ್ಲಿ ಎರಡು ಬಗೆ. ಬಿಡಿಭಾಗಗಳೂ ಸೇರಿದ್ದು ಒಂದು, ಕೆಲಸ ಮಾತ್ರ ಸೇರಿದ್ದು ಇನ್ನೊಂದು. ಬಿಡಿಭಾಗ ಸೇರಿದ ಕರಾರಿನಲ್ಲೂ ಬ್ಯಾಟರಿ, ಪ್ರಿಂಟರ್ ತಲೆ, ಟೋನರ್‌ಗಳು ಸಾಮಾನ್ಯವಾಗಿ ಹೊರಗೆ. ಎಷ್ಟು ಗಂಟೆಯೊಳಗೆ ಬರಬೇಕು, ವರ್ಷಕ್ಕೆ ಎಷ್ಟು ಬಾರಿ ಶುಚಿಗೊಳಿಸಬೇಕು, ಯಂತ್ರ ಒಯ್ದರೆ ಬದಲಿ ಕೊಡುತ್ತಾರೆಯೇ, ಬ್ಯಾಕಪ್‌ನ ಹೊಣೆ ಯಾರದು ಎಂಬುದನ್ನು ಬರಹದಲ್ಲಿ ಪಡೆಯಬೇಕು. ಕೊನೆಯದನ್ನು ಬಹುತೇಕ ಕರಾರುಗಳು ಗಿರಾಕಿಯ ಮೇಲೆಯೇ ಹೊರಿಸುತ್ತವೆ. ಡಿಸ್ಕ್ ದುರಸ್ತಿಗೆ ಹೊರಗೆ ಹೋಗುವಾಗ ಅದರ ಕ್ರಮಸಂಖ್ಯೆಯನ್ನು ರಸೀದಿಯಲ್ಲಿ ಬರೆಸಿಕೊಳ್ಳುವುದು ಒಳ್ಳೆಯದು.

ಬಿಡಿಭಾಗಗಳಿಗೆ ರಾಜ್ಯದ ದೊಡ್ಡ ಮಾರುಕಟ್ಟೆ ಬೆಂಗಳೂರಿನ ಎಸ್.ಪಿ. ರಸ್ತೆ. ಕಂಪ್ಯೂಟರ್ ಯಂತ್ರಾಂಶ ಮತ್ತು ಜಾಲ ನಿರ್ವಹಣೆ ಐಟಿಐಗಳಲ್ಲಿ ಕಲಿಸುವ ವೃತ್ತಿಗಳಲ್ಲೂ ಒಂದು.

ಕಾನೂನಿನ ಹೊಣೆಗಳು

ಮಾಹಿತಿ ತಂತ್ರಜ್ಞಾನ ಕಾಯಿದೆಯ 70ಬಿ ವಿಧಿಯಡಿ ಕೆಲಸ ಮಾಡುವ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ, ಪಟ್ಟಿ ಮಾಡಿದ ಸೈಬರ್ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಯೊಳಗೆ ತಿಳಿಸಬೇಕು, ವ್ಯವಸ್ಥೆಯ ದಾಖಲೆಗಳನ್ನು 180 ದಿನ ಇಡಬೇಕು. ಸಣ್ಣ ಉದ್ದಿಮೆಗಳಿಗೆ ಇದು ಅದೇ ವರ್ಷದ ಸೆಪ್ಟೆಂಬರ್ 25ರಿಂದ ಅನ್ವಯವಾಯಿತು. ಜಿಎಸ್‌ಟಿ ಕಾಯಿದೆಯಂತೆ ಲೆಕ್ಕಪತ್ರಗಳನ್ನು ವಾರ್ಷಿಕ ವಿವರ ಸಲ್ಲಿಕೆಯ ಗಡುವಿನಿಂದ 72 ತಿಂಗಳು ಕಾಪಾಡಬೇಕು. ಬ್ಯಾಕಪ್‌ಗಳನ್ನು ಎಷ್ಟು ಕಾಲ ಇಡಬೇಕೆಂಬ ಪ್ರಶ್ನೆಗೆ ಇದೇ ಕನಿಷ್ಠ ಉತ್ತರ. ಕಂಪನಿಯಾಗಿ ನೋಂದಾಯಿಸಿದವರು 2023ರ ಏಪ್ರಿಲ್ 1ರಿಂದ ಪ್ರತಿ ತಿದ್ದುಪಡಿಯ ಜಾಡು ಉಳಿಸುವ, ಆ ಸೌಲಭ್ಯವನ್ನು ಆರಿಸಲಾಗದ ಲೆಕ್ಕ ತಂತ್ರಾಂಶವನ್ನೇ ಬಳಸಬೇಕು. ಗಿರಾಕಿಗಳ ವಿವರ ಇಟ್ಟುಕೊಳ್ಳುವ ಉದ್ದಿಮೆಗಳು ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯಿದೆ, 2023ರ ವ್ಯಾಪ್ತಿಗೆ ಬರುತ್ತವೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿ ಹಂತಹಂತವಾಗಿ ಜಾರಿಗೆ ಬರುತ್ತಿವೆ.

ಹಣ ಕಳೆದುಕೊಂಡ ವಂಚನೆಯಲ್ಲಿ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಕರ್ನಾಟಕದ ಜಿಲ್ಲೆಗಳಲ್ಲಿ ದೂರು ಸ್ವೀಕರಿಸಲು ಸಿಇಎನ್ (ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧ) ಪೊಲೀಸ್ ಠಾಣೆಗಳಿವೆ.

ಇಂದಿನ ಸ್ಥಿತಿ

ಬಿಲ್ಲಿಂಗ್, ಲೆಕ್ಕ, ಮಿಂಚಂಚೆ ಎಲ್ಲವೂ ಕ್ಲೌಡ್‌ಗೆ ಸರಿಯುತ್ತಿರುವುದರಿಂದ ಕಚೇರಿಯೊಳಗಿನ ಸರ್ವರಿನ ಮಹತ್ವ ಇಳಿದು ಇಂಟರ್‌ನೆಟ್ ಸಂಪರ್ಕದ ಮಹತ್ವ ಏರಿದೆ. ಫೈಬರ್ ಜೊತೆಗೆ ಇನ್ನೊಬ್ಬ ಸೇವಾದಾರರ 4ಜಿ ಅಥವಾ 5ಜಿ ಸಿಮ್ ಹಾಕುವ ರೂಟರ್ ಇಟ್ಟುಕೊಳ್ಳುವುದು ವಾರ್ಷಿಕ 5 ಕೋಟಿಗಿಂತ ಹೆಚ್ಚು ವಹಿವಾಟಿದ್ದು ಇ-ಇನ್‌ವಾಯ್ಸ್ ಕಡ್ಡಾಯವಾದ ಉದ್ದಿಮೆಗಳಿಗೆ ಅಗತ್ಯವೇ ಆಗಿದೆ. ಸಂಪರ್ಕವಿಲ್ಲದೆ ಅವುಗಳ ಬಿಲ್ಲಿಗೆ ನೋಂದಣಿ ಸಂಖ್ಯೆ ಸಿಗದು. ದುರಸ್ತಿಯೂ ಬಹುಪಾಲು ದೂರದಿಂದಲೇ, ಎನಿಡೆಸ್ಕ್‌ನಂಥ ಪರದೆ ಹಂಚುವ ತಂತ್ರಾಂಶದಿಂದ ನಡೆಯುತ್ತದೆ. ವಂಚಕರ ಕೈಯಲ್ಲೂ ಅದೇ ಸಾಧನವಿದೆ. ತಾವೇ ಕರೆಯದ ತಂತ್ರಜ್ಞನಿಗೆ ಅದರ ಸಂಖ್ಯೆ ಹೇಳಬಾರದು. ಹಳೆಯ ಯಂತ್ರಗಳ ವಿಲೇವಾರಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳಿಗೆ ಒಳಪಟ್ಟಿದೆ. ನೋಂದಾಯಿತ ಮರುಬಳಕೆದಾರರಿಗೆ ಕೊಡುವ ಮೊದಲು ಡಿಸ್ಕನ್ನು ಪೂರ್ತಿ ಅಳಿಸಬೇಕು ಅಥವಾ ಕಳಚಿ ಇಟ್ಟುಕೊಳ್ಳಬೇಕು.

ಸದ್ಯ ಎಲ್ಲಕ್ಕಿಂತ ಹತ್ತಿರದ ಪ್ರಶ್ನೆ ವಿಂಡೋಸ್ 10ರದ್ದು. ಅದರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಸುರಕ್ಷತಾ ಘಟಕ ಮತ್ತು ಇಂಟೆಲ್‌ನದಾದರೆ ಹೆಚ್ಚುಕಡಿಮೆ ಎಂಟನೇ ತಲೆಮಾರು ಅಥವಾ ಅದರ ಮುಂದಿನ ಸಂಸ್ಕಾರಕ ಬೇಕಿರುವುದರಿಂದ ಚೆನ್ನಾಗಿಯೇ ನಡೆಯುತ್ತಿರುವ ಅನೇಕ ಕಂಪ್ಯೂಟರುಗಳು ಅದಕ್ಕೆ ಅನರ್ಹವಾಗಿವೆ. ಇವುಗಳಿಗೆ ಇರುವ ದಾರಿಗಳು ಯಂತ್ರ ಬದಲಿಸುವುದು, ಲೆಕ್ಕ ತಂತ್ರಾಂಶ ಹೊಂದುವುದಾದರೆ ಲಿನಕ್ಸ್‌ಗೆ ಹೋಗುವುದು ಅಥವಾ ವಿಸ್ತರಿತ ಸುರಕ್ಷತಾ ಪರಿಷ್ಕರಣೆಗೆ ನೋಂದಾಯಿಸುವುದು. ಈ ವಿಸ್ತರಣೆ ಸಂಸ್ಥೆಗಳಿಗೆ ಹಣ ಪಡೆದು ಗರಿಷ್ಠ ಮೂರು ವರ್ಷ ದೊರೆಯುತ್ತದೆ.